ಏಲಿಯನ್ ಹಡಗು ಕಾರವಾರದ ಮೇಲೆ ಬಂದು ನಿಂತರೆ: ದೊಡ್ಡ ಗ್ರಾಫಿಕ್ಸ್ ಸಿನಿಮಾಗಳು ಮೈ ಜುಮ್ಮೆನಿಸುವುದು ಯಾವಾಗ?

1996ರ ‘ಇಂಡಿಪೆಂಡೆನ್ಸ್ ಡೇ’ ಸಿನಿಮಾದಲ್ಲಿ ಅಮೆರಿಕದ ನಗರಗಳ ನೆತ್ತಿಯ ಮೇಲೆ ಬಂದು ನಿಲ್ಲುವ ಏಲಿಯನ್ ಹಡಗು ಎಷ್ಟು ಅಗಲ ಗೊತ್ತಾ? 15 ಮೈಲಿ. ಅಂದರೆ ಸುಮಾರು 24 ಕಿಲೋಮೀಟರ್. ಅದರ ಒಂದು ಅಂಚನ್ನು ಕಾರವಾರದ ಕಡಲತೀರದ ಮೇಲೆ ಇಟ್ಟರೆ ಇನ್ನೊಂದು ಅಂಚು ಅಂಕೋಲಾದ ಹತ್ತಿರ ಬರುತ್ತದೆ. ನಡುವಿನ ಬಿಣಗಾ, ಅರ್ಗಾ, ಅಮದಳ್ಳಿ, ನೌಕಾನೆಲೆ, ಹೆದ್ದಾರಿ ಎಲ್ಲವೂ ನೆರಳಿನಲ್ಲಿ. ಮಟಮಟ ಮಧ್ಯಾಹ್ನ ಅಂಗಡಿಯವರು ಲೈಟ್ ಹಾಕಬೇಕು. ಬಸ್ಸಿನವರು ಹೆಡ್‌ಲೈಟ್ ಹಾಕಬೇಕು.

ಓದುವಾಗ ಒಂದು ಕ್ಷಣ ಝಲ್ ಅಂತಲ್ವಾ? ಆ ದಾರಿ ನಮಗೆ ಗೊತ್ತಿದೆ, ಅದಕ್ಕೆ. ಬಸ್ಸಿನಲ್ಲಿ ಎಷ್ಟು ಹೊತ್ತು ಬೇಕು ಅಂತ ಗೊತ್ತಿದೆ. ಅಷ್ಟು ದೂರವನ್ನು ಒಂದೇ ವಸ್ತು ಮುಚ್ಚಿಬಿಟ್ಟರೆ ಹೇಗಿರುತ್ತದೆ ಅಂತ ಊಹಿಸಲು ಆಗುತ್ತದೆ.

20 ವರ್ಷ ಕಳೆದು, 2016ರಲ್ಲಿ, ಅದರ ಮುಂದಿನ ಭಾಗ ಬಂತು. ಈ ಸಲ ಹಡಗಿನ ಅಗಲ 3000 ಮೈಲಿ, ಸುಮಾರು 4800 ಕಿಲೋಮೀಟರ್. ಭಾರತದ ಉತ್ತರ ತುದಿಯಿಂದ ದಕ್ಷಿಣ ತುದಿಗೆ ಇರುವ ದೂರವೇ 3214 ಕಿಲೋಮೀಟರ್. ಈ ಹಡಗು ಕಾರವಾರದ ಮೇಲೆ ನಿಂತರೆ ಕಾಶ್ಮೀರಕ್ಕೂ ನೆರಳು. ಲೆಕ್ಕದ ಪ್ರಕಾರ ಇನ್ನೂರು ಪಟ್ಟು ಜಾಸ್ತಿ ಹೆದರಬೇಕಿತ್ತು. ಆಗಿದ್ದು ಬೇರೆ. ಮೊದಲ ಸಿನಿಮಾಕ್ಕೆ ಖರ್ಚಾಗಿದ್ದು ಸುಮಾರು 7.5 ಕೋಟಿ ಡಾಲರ್, ಗಳಿಸಿದ್ದು 81 ಕೋಟಿಗೂ ಹೆಚ್ಚು. ಎರಡನೆಯದಕ್ಕೆ ಸುಮಾರು 16.5 ಕೋಟಿ ಖರ್ಚು, ಗಳಿಕೆ 39 ಕೋಟಿಯ ಆಸುಪಾಸು. ಗಳಿಕೆಯೇ ರೋಮಾಂಚನದ ಅಳತೆ ಅಂತ ನಾನು ಹೇಳುವುದಿಲ್ಲ. ಆದರೆ ಮೊದಲನೆಯದರಲ್ಲಿ ಮೋಡ ಸರಿಸಿಕೊಂಡು ಹಡಗು ಹೊರಬರುವ ದೃಶ್ಯ ನೋಡಿದವರಿಗೆ ಇವತ್ತಿಗೂ ನೆನಪಿದೆ. ಎರಡನೆಯದರ ಹಡಗು ಹೇಗಿತ್ತು ಅಂತ ಕೇಳಿ ನೋಡಿ, ತಲೆ ಕೆರೆದುಕೊಳ್ಳುತ್ತಾರೆ.

ಗ್ರಾಫಿಕ್ಸ್ ಸುಧಾರಿಸಿತ್ತು, ದುಡ್ಡು ದುಪ್ಪಟ್ಟಾಗಿತ್ತು, ಹಡಗೂ ಬೆಳೆದಿತ್ತು. ರೋಮಾಂಚನ ಮಾತ್ರ ಕಡಿಮೆಯಾಯಿತು. ಯಾಕೆ?

ನಮ್ಮ ಕಣ್ಣು ಅಳತೆಯನ್ನು ಹೇಗೆ ಹಿಡಿಯುತ್ತದೆ ಅನ್ನುವುದರಿಂದ ಶುರು ಮಾಡೋಣ. ಅರ್ಧ ಉತ್ತರ ಅಲ್ಲೇ ಇದೆ.

ಕಾರವಾರದ ದಂಡೆಯಲ್ಲಿ ನಿಂತು ಸುತ್ತ ನೋಡಿ. ಹತ್ತಿರದ ಗುಡ್ಡ ಹಸಿರು. ಅದರ ಹಿಂದಿನದು ಮಸುಕು ಹಸಿರು. ಅದರಾಚೆ ಘಟ್ಟದ ಸಾಲು ನೀಲಿ. ಇನ್ನೂ ಆಚೆಯದು ಆಕಾಶದ ಬಣ್ಣಕ್ಕೇ ಹತ್ತಿರ. ನಡುವೆ ಇರುವ ಗಾಳಿ, ತೇವ, ಧೂಳು ಬೆಳಕನ್ನು ಚದುರಿಸುವುದರಿಂದ ಹೀಗಾಗುತ್ತದೆ. ದೂರ ಹೆಚ್ಚಿದಷ್ಟೂ ಕಪ್ಪು ಕಪ್ಪಾಗಿ ಉಳಿಯುವುದಿಲ್ಲ, ಅಂಚು ಚೂಪಾಗಿ ಉಳಿಯುವುದಿಲ್ಲ. ಇದನ್ನು ಯಾರೂ ನಮಗೆ ಕಲಿಸಿಲ್ಲ, ಆದರೂ ಕಣ್ಣು ಈ ಲೆಕ್ಕವನ್ನು ದಿನವೂ ಮಾಡುತ್ತಲೇ ಇರುತ್ತದೆ. ಹಾಗಾಗಿ 24 ಕಿಲೋಮೀಟರ್ ಹಡಗಿನ ಆಚೆ ತುದಿಯೂ ಈಚೆ ತುದಿಯಷ್ಟೇ ಕಪ್ಪಗೆ, ಸ್ಪಷ್ಟವಾಗಿ ಕಂಡರೆ ಕಣ್ಣು ಸುಮ್ನೆ ನಂಬುವುದಿಲ್ಲ. ‘ಇದು ಆಟಿಕೆ’ ಅಂದುಬಿಡುತ್ತದೆ. ಗ್ರಾಫಿಕ್ಸ್ ಮಾಡುವವರು ದೊಡ್ಡ ವಸ್ತುವಿನ ಮೇಲೆ ಮಂಜು, ಮೋಡ, ಹೊಗೆ ಹಚ್ಚುವುದು ಬರೀ ಚಂದಕ್ಕಲ್ಲ. ಅದು ಅಳತೆಪಟ್ಟಿ.

ಎರಡನೆಯದು, ಪಕ್ಕದಲ್ಲಿ ಗೊತ್ತಿರುವ ವಸ್ತು. ಕಾರವಾರವೇ ನೆಲೆಯಾಗಿರುವ ನೌಕಾಪಡೆಯ ವಿಮಾನವಾಹಕ ಹಡಗು ಐಎನ್‌ಎಸ್ ವಿಕ್ರಮಾದಿತ್ಯ 284 ಮೀಟರ್ ಉದ್ದ, ಸುಮಾರು 20 ಮಹಡಿಯಷ್ಟು ಎತ್ತರ. ಖಾಲಿ ಸಮುದ್ರದ ನಡುವೆ ಅದರ ಫೋಟೋ ನೋಡಿದರೆ ‘ಹಡಗು’ ಅನ್ನಿಸುತ್ತದೆ, ಅಷ್ಟೇ. ಅದರ ಡೆಕ್ಕಿನ ಅಂಚಿನಲ್ಲಿ ಸಾಲಾಗಿ ನಿಂತ ನಾವಿಕರು ಬಿಳಿ ಚುಕ್ಕೆಗಳ ಹಾಗೆ ಕಂಡಾಗ ‘ಅಬ್ಬಾ’ ಅನ್ನಿಸುತ್ತದೆ. ಏಲಿಯನ್ ಹಡಗಿಗೂ ಇದೇ ಮಾತು. ಬಾಹ್ಯಾಕಾಶದಲ್ಲಿ ತೇಲುವ 4800 ಕಿಲೋಮೀಟರಿನ ವಸ್ತುವಿನ ಪಕ್ಕದಲ್ಲಿ ಇಡಲು ನಮ್ಮ ಅನುಭವದ ಏನೂ ಇಲ್ಲ. ಭೂಮಿಯನ್ನೇ ಇಡಬೇಕು. ಇಡೀ ಭೂಮಿಯನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಎಷ್ಟು ಜನ?

ಇನ್ನು ವೇಗ. ಅತಿ ಹೆಚ್ಚು ಸಿನಿಮಾಗಳು ಸೋಲುವುದು ಇಲ್ಲೇ. ಸಿದ್ದಾಪುರದ ಕಡೆಯಿಂದ ಹೋಗಿ ಜೋಗವನ್ನು ನೋಡಿದವರಿಗೆ ಒಂದು ಸಂಗತಿ ಗೊತ್ತಿರುತ್ತದೆ. ನೀರು ಭೋರ್ಗರೆದು ಬೀಳುತ್ತಿದ್ದರೂ ದೂರದಿಂದ ನೋಡಿದಾಗ ನಿಧಾನಕ್ಕೆ ಇಳಿಯುವ ಹಾಗೆ ಕಾಣುತ್ತದೆ. ಕಾರಣ ಸರಳ. ಜೋಗದ ಎತ್ತರ 253 ಮೀಟರ್. ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದರೂ ಮೇಲಿಂದ ಬಿದ್ದ ಕಲ್ಲು ಕೆಳಗೆ ತಲುಪಲು 7 ಸೆಕೆಂಡು ಬೇಕು. ಕೈಯಿಂದ ಜಾರಿದ ಲೋಟಕ್ಕೆ ಅರ್ಧ ಸೆಕೆಂಡೂ ಹಿಡಿಯುವುದಿಲ್ಲ. ಗುರುತ್ವ ಎಲ್ಲ ಕಡೆ ಒಂದೇ. ಆದ್ದರಿಂದ ಬೀಳಲು ಎಷ್ಟು ಹೊತ್ತು ಹಿಡಿಯಿತು ಅನ್ನುವುದೇ ಎತ್ತರದ ಸಾಕ್ಷಿ. ನಾಲ್ಕು ಪಟ್ಟು ಎತ್ತರವಾದರೆ ಎರಡು ಪಟ್ಟು ಹೊತ್ತು, ನೂರು ಪಟ್ಟಾದರೆ ಹತ್ತು ಪಟ್ಟು.

ಕಾಲಿಗೂ ಇದೇ ನಿಯಮ. ನಮ್ಮ ಕಾಲು 90 ಸೆಂಟಿಮೀಟರ್ ಅಂತಿಟ್ಟುಕೊಳ್ಳಿ, ಒಂದು ಹೆಜ್ಜೆಗೆ ಅರ್ಧ ಸೆಕೆಂಡು. 90 ಮೀಟರ್ ಕಾಲಿನ ಏಲಿಯನ್ ಯಂತ್ರ ಸಹಜವಾಗಿ ನಡೆದರೆ ಒಂದು ಹೆಜ್ಜೆಗೆ 5 ಸೆಕೆಂಡು. ಈ 5 ಸೆಕೆಂಡಿನಲ್ಲೇ ಭಯ ಇರುವುದು. ಕಾಲು ಏಳುತ್ತದೆ, ತೂಗುತ್ತದೆ, ಎಲ್ಲಿ ಬೀಳುತ್ತದೆ ಅಂತ ನಾವು ನೋಡುತ್ತೇವೆ. ಬೈತಖೋಲದ ಬಂದರಿನಲ್ಲಿ ಕಟ್ಟಿದ ಬೋಟುಗಳ ಮೇಲಾ, ಪಕ್ಕದ ನೀರಿನಲ್ಲಾ? ಆದರೆ ‘ಪ್ರೇಕ್ಷಕರಿಗೆ ಬೋರ್ ಆಗುತ್ತದೆ’ ಅಂತ ಅದೇ ಯಂತ್ರವನ್ನು ಎರಡು ಸೆಕೆಂಡಿಗೆ ಮೂರು ಹೆಜ್ಜೆ ಓಡಿಸಿದರೆ? ಪರದೆಯ ತುಂಬ ಇದ್ದರೂ ಅದು ಜೇಡದಷ್ಟೇ ಭಾರ. ಚಪ್ಪಲಿ ತಗೊಂಡು ಹೊಡೆಯೋಣ ಅನ್ನಿಸುತ್ತದೆ.

ಕಂಪ್ಯೂಟರ್ ಬರುವ ಮೊದಲು ಈ ವೇಗದ ಲೆಕ್ಕವನ್ನು ಕ್ಯಾಮೆರಾದಲ್ಲೇ ಮಾಡುತ್ತಿದ್ದರು. 50 ಮೀಟರ್ ಕಟ್ಟಡ ಬೀಳಿಸಬೇಕು ಅಂತಿಟ್ಟುಕೊಳ್ಳಿ. 25ರಲ್ಲಿ ಒಂದು ಪಾಲಿನ, ಅಂದರೆ 2 ಮೀಟರಿನ ಮಾದರಿ ಕಟ್ಟುತ್ತಾರೆ. 50 ಮೀಟರಿಂದ ಬೀಳಲು 3 ಸೆಕೆಂಡಿಗೆ ಸ್ವಲ್ಪ ಜಾಸ್ತಿ ಬೇಕು. 2 ಮೀಟರಿಂದ ಬೀಳಲು ಅದರ ಐದನೇ ಒಂದು ಪಾಲು. ಸಿನಿಮಾ ಸೆಕೆಂಡಿಗೆ 24 ಚಿತ್ರ. ಹಾಗಾಗಿ ಮಾದರಿಯನ್ನು ಸೆಕೆಂಡಿಗೆ 120 ಚಿತ್ರದ ಹಾಗೆ ಹಿಡಿದು, 24ರ ಲೆಕ್ಕದಲ್ಲಿ ತೋರಿಸಿದರೆ ಬೀಳುವಿಕೆ ಐದು ಪಟ್ಟು ನಿಧಾನವಾಗುತ್ತದೆ. 2 ಮೀಟರಿನ ಬೊಂಬೆ 50 ಮೀಟರಿನ ಕಟ್ಟಡವಾಗುತ್ತದೆ.

‘ಇಂಡಿಪೆಂಡೆನ್ಸ್ ಡೇ’ಯಲ್ಲಿ ಶ್ವೇತಭವನ ಸಿಡಿಯುವುದು ಇಂಥ ಒಂದು ಮಾದರಿ. ನಿಜವಾಗಿ ಸಿಡಿಸಿದ್ದು, ವೇಗದ ಕ್ಯಾಮೆರಾದಲ್ಲಿ ಹಿಡಿದದ್ದು. ಬೀದಿಯುದ್ದಕ್ಕೂ ಬೆಂಕಿಯ ಗೋಡೆ ನುಗ್ಗಿ ಬರುವ ಶಾಟ್ ಇನ್ನೂ ಮಜಾ ಇದೆ. ಬೆಂಕಿ ಅಡ್ಡಕ್ಕೆ ಹರಿಯುವುದಿಲ್ಲ, ಮೇಲಕ್ಕೆ ಏರುತ್ತದೆ. ಅದಕ್ಕೆ ಅವರು ಇಡೀ ಬೀದಿಯ ಮಾದರಿಯನ್ನು ನೆಟ್ಟಗೆ ನಿಲ್ಲಿಸಿದರು. ಕ್ಯಾಮೆರಾ ಮೇಲೆ, ಬೆಂಕಿ ಕೆಳಗೆ. ಬೆಂಕಿ ತನ್ನ ಪಾಡಿಗೆ ಮೇಲೆ ಹತ್ತಿತು, ಪರದೆಯಲ್ಲಿ ಅದು ಬೀದಿಯನ್ನು ನುಂಗುತ್ತಾ ಎದುರಿಗೆ ಬಂತು. 1997ರಲ್ಲಿ ಆ ಸಿನಿಮಾಕ್ಕೆ ವಿಷುವಲ್ ಎಫೆಕ್ಟ್ಸ್‌ಗೆ ಆಸ್ಕರ್ ಸಿಕ್ಕಿತು. ಸಿಗಬೇಕಾದ್ದೇ.

ಹಾಗಂತ ‘ಹಳೆಯದೇ ಚೆನ್ನ, ಕಂಪ್ಯೂಟರ್ ಕೆಟ್ಟದ್ದು’ ಅನ್ನುವ ವಾದ ನನ್ನದಲ್ಲ. ಆ ಮಾತು ಕೇಳಿ ಕೇಳಿ ಸಾಕಾಗಿದೆ. ಕಂಪ್ಯೂಟರಿನಲ್ಲೂ ಗುರುತ್ವ, ಗಾಳಿ, ಬೆಂಕಿಯ ಲೆಕ್ಕವನ್ನು ಹಾಕಬಹುದು, ಹಾಕುತ್ತಾರೆ. ಒಂದು ವ್ಯತ್ಯಾಸ ಇದೆ, ಅಷ್ಟೇ. ಮಾದರಿಗೆ ಬೆಂಕಿ ಇಟ್ಟಾಗ ನಿಯಮ ಮುರಿಯಲು ನಿರ್ದೇಶಕರಿಗೆ ಅವಕಾಶ ಇರುವುದಿಲ್ಲ. ಕಂಪ್ಯೂಟರಿನಲ್ಲಿ ಇರುತ್ತದೆ. ‘ಇನ್ನೂ ಸ್ವಲ್ಪ ಫಾಸ್ಟ್’, ‘ಇನ್ನೂ ನಾಲ್ಕು ಹಡಗು ಹಾಕಿ’ ಅಂದರೆ ಆಗಿಬಿಡುತ್ತದೆ. ಸ್ವಾತಂತ್ರ್ಯ ಸಿಕ್ಕಿದ ಕೂಡಲೇ ಕೈ ಜಾರುತ್ತದೆ.

ಈಗ ಕಾರವಾರದಲ್ಲೇ ಒಂದು ಶಾಟ್ ಮಾಡಿ ನೋಡೋಣ. ಕಾಳಿ ನದಿ ಸಮುದ್ರ ಸೇರುವಲ್ಲಿ, ಸದಾಶಿವಗಡದ ಬುಡದಲ್ಲಿ ಏಲಿಯನ್ ಯಂತ್ರ ಬಂದು ನಿಂತಿದೆ. ಹೀರೋ ಕೋಡಿಬಾಗ ಕಡೆಯಿಂದ ನೋಡುತ್ತಿದ್ದಾನೆ. ಮೊದಲು ಹೀರೋನನ್ನು, ಹಿನ್ನೆಲೆಯ ನದಿಯನ್ನು ಕ್ಯಾಮೆರಾದಲ್ಲಿ ಹಿಡಿಯುತ್ತಾರೆ. ಅದೇ ಜಾಗದಲ್ಲಿ ಕನ್ನಡಿಯಂಥ ಒಂದು ಉಂಡೆ ಇಟ್ಟು ಸುತ್ತಲಿನ ಬೆಳಕಿನ ಫೋಟೋ ತೆಗೆಯುತ್ತಾರೆ. ಯಾವ ದಿಕ್ಕಿನಿಂದ ಎಷ್ಟು ಬೆಳಕು, ಯಾವ ಬಣ್ಣದ್ದು ಅನ್ನುವ ದಾಖಲೆ ಅದು. ಕ್ಯಾಮೆರಾ ಹೇಗೆ ಅಲುಗಿತು ಅನ್ನುವುದನ್ನು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಅದೇ ಅಲುಗಾಟದಲ್ಲಿ ಯಂತ್ರವನ್ನು ಕೂರಿಸಬೇಕು. ಕೂರದಿದ್ದರೆ ಅದು ನೆಲದ ಮೇಲೆ ಜಾರುತ್ತದೆ. ಆಮೇಲೆ ಯಂತ್ರದ ಮೈ, ಕೀಲು, ಚಲನೆ, ಧೂಳು, ಬೆಳಕು. ಕೊನೆಗೆ ಎಲ್ಲವನ್ನೂ ಒಂದರ ಮೇಲೊಂದು ಸೇರಿಸುವ ಕೆಲಸ. ಕಷ್ಟದ ಶಾಟ್ ಆದರೆ ಒಂದೇ ಒಂದು ಚಿತ್ರ ತಯಾರಾಗಲು ಕಂಪ್ಯೂಟರಿಗೆ ಹಲವು ಗಂಟೆ ಬೇಕು. ಸೆಕೆಂಡಿಗೆ 24 ಚಿತ್ರ ಅನ್ನುವುದು ನೆನಪಿರಲಿ.

ಇಲ್ಲಿ ತಪ್ಪಿಹೋಗುವುದು ಸಣ್ಣ ಸಂಗತಿಗಳು. ನಮ್ಮ ಕಡೆಯ ನೆಲ ಕೆಂಪು. ಬಿಸಿಲು ಆ ಮಣ್ಣಿಗೆ ಬಡಿದು ಮೇಲೆ ಚಿಮ್ಮುವಾಗ ಕೆಂಪನ್ನೂ ಜೊತೆಗೆ ಒಯ್ಯುತ್ತದೆ. ಯಂತ್ರದ ಹೊಟ್ಟೆಯ ಕೆಳಭಾಗದಲ್ಲಿ ಆ ಕೆಂಪಿನ ಛಾಯೆ ಇರಬೇಕು. ಇಲ್ಲದಿದ್ದರೆ ಏನು ತಪ್ಪು ಅಂತ ಹೇಳಲು ಬರುವುದಿಲ್ಲ, ಆದರೆ ‘ಅಂಟಿಸಿದ ಹಾಗಿದೆ’ ಅನ್ನಿಸುತ್ತದೆ. ಹೀರೋನ ಕಣ್ಣು ಇನ್ನೊಂದು. ಶೂಟಿಂಗಿನಲ್ಲಿ ಅಲ್ಲಿ ಯಂತ್ರ ಇರುವುದಿಲ್ಲವಲ್ಲ. ಒಂದು ಕೋಲಿನ ತುದಿಗೆ ಚೆಂಡು ಕಟ್ಟಿ ‘ಇದನ್ನು ನೋಡಿ’ ಅಂದಿರುತ್ತಾರೆ. ಹೀರೋ 20 ಮೀಟರ್ ಎತ್ತರ ನೋಡಿ, ಪಕ್ಕದವನು 60 ಮೀಟರ್ ನೋಡಿದರೆ ಯಂತ್ರ ಎಷ್ಟು ಚೆನ್ನಾಗಿದ್ದರೂ ಆಟ ಮುಗಿಯಿತು.

ಇಷ್ಟೆಲ್ಲ ತಾಪತ್ರಯ ಬೇಡ ಅಂತಲೇ ಬಹಳಷ್ಟು ಸಿನಿಮಾಗಳಲ್ಲಿ ಏಲಿಯನ್‌ಗಳು ರಾತ್ರಿ, ಮಳೆಯಲ್ಲಿ ಬರುತ್ತವೆ. ಕತ್ತಲಲ್ಲಿ ತಪ್ಪು ಕಾಣುವುದಿಲ್ಲ. (ಕಾರವಾರದಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಮಳೆಯ ಗ್ರಾಫಿಕ್ಸ್ ಖರ್ಚಂತೂ ಉಳಿಯುತ್ತದೆ. ಕ್ಯಾಮೆರಾ ಉಳಿಯುತ್ತದಾ ಅನ್ನುವುದು ಬೇರೆ ಪ್ರಶ್ನೆ.)

ಸಮುದ್ರ ಮಾತ್ರ ಯಾರಿಗೂ ಸುಲಭಕ್ಕೆ ಬಗ್ಗುವುದಿಲ್ಲ. ಮಾದರಿಯ ಕಾಲದಲ್ಲಿ ನೀರಿನ ದೃಶ್ಯ ಅಂದರೆ ತಲೆನೋವು. ಕಟ್ಟಡವನ್ನು ಚಿಕ್ಕದು ಮಾಡಬಹುದು, ನೀರಿನ ಹನಿಯನ್ನು ಚಿಕ್ಕದು ಮಾಡಲು ಬರುವುದಿಲ್ಲ. ತೊಟ್ಟಿಯಲ್ಲಿ ಎಬ್ಬಿಸಿದ ಅಲೆಯಿಂದ ಗೋಲಿ ಗಾತ್ರದ ಹನಿ ಚಿಮ್ಮಿದರೆ, ಪರದೆಯಲ್ಲಿ ಅದು ಕಲ್ಲಂಗಡಿ ಗಾತ್ರದ ಹನಿ. ಕಂಪ್ಯೂಟರಿನಲ್ಲಿ ಬೇರೆ ಕಷ್ಟ. ಅಲೆ, ಅದರ ಮೇಲಿನ ನೊರೆ, ನೊರೆಯಿಂದೇಳುವ ತುಂತುರು, ಒಂದೊಂದಕ್ಕೂ ಬೇರೆ ಲೆಕ್ಕ. ಕಡಲ ತಡಿಯಲ್ಲಿ ಹುಟ್ಟಿ ಬೆಳೆದವರನ್ನು ಇದರಲ್ಲಿ ಮೋಸ ಮಾಡುವುದು ಇನ್ನೂ ಕಷ್ಟ. ಬೋಟಿನವರ ಪಕ್ಕ ಕೂತು ಇಂಥ ಸಿನಿಮಾ ನೋಡಬೇಕು. ‘ಎಂತಾ ಮಾರಾಯ, ಇಷ್ಟು ದೊಡ್ಡ ಅಲೆಗೆ ನೊರೆಯೇ ಇಲ್ಲ’ ಅಂತ ಮೊದಲ ಶಾಟಿಗೇ ಹಿಡಿದುಬಿಡುತ್ತಾರೆ.

ಅವರಿಗೆ ಗೊತ್ತಿರುವ ಇನ್ನೊಂದು ಸತ್ಯವನ್ನು ಸಿನಿಮಾದವರು ಆಗಾಗ ಮರೆಯುತ್ತಾರೆ. ಭೂಮಿ ದುಂಡಗಿದೆ. ದಂಡೆಯ ಮೇಲೆ ನಿಂತವರಿಗೆ ದಿಗಂತ ಕಾಣುವುದು 5 ಕಿಲೋಮೀಟರಿನ ಆಸುಪಾಸಿನಲ್ಲಿ. 20 ಕಿಲೋಮೀಟರ್ ಆಚೆ 100 ಮೀಟರಿನ ಯಂತ್ರ ನಿಂತರೆ ಅದರ ಬುಡದ ಸುಮಾರು 15 ಮೀಟರ್ ಭಾಗ ನೀರಿನ ಗೆರೆಯ ಕೆಳಗೇ ಇರುತ್ತದೆ. ದೂರದ ಹಡಗಿನ ತುದಿ ಮೊದಲು ಕಂಡು ಆಮೇಲೆ ಮೈ ಕಾಣುತ್ತದಲ್ಲ, ಹಾಗೆ ಏಲಿಯನ್ ಯಂತ್ರವೂ ಮೊದಲು ತಲೆ, ಆಮೇಲೆ ಹೆಗಲು, ಆಮೇಲೆ ಕಾಲು ತೋರಿಸುತ್ತಾ ಕಡಲಿನಿಂದ ಎದ್ದು ಬರಬೇಕು. ಇದನ್ನು ಸರಿಯಾಗಿ ತೆಗೆದರೆ ಒಂದು ಗುಂಡೂ ಹಾರಿಸದೆ ಜನ ಕುರ್ಚಿ ಹಿಡಿದುಕೊಳ್ಳುತ್ತಾರೆ.

ಇಲ್ಲಿಗೆ ಕಣ್ಣಿನ ಲೆಕ್ಕ ಆಯಿತು. ಆದರೆ ಕಣ್ಣು ನಂಬಿದ ಮಾತ್ರಕ್ಕೆ ಮೈ ಜುಮ್ಮೆನ್ನುವುದಿಲ್ಲ. ಅದಕ್ಕೆ ಕಾಯಿಸಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಡಗುತಿಟ್ಟಿನ ಯಕ್ಷಗಾನದಲ್ಲಿ ಬಣ್ಣದ ವೇಷ, ಅಂದರೆ ರಾಕ್ಷಸನ ಪಾತ್ರ, ಹೇಗೆ ರಂಗಕ್ಕೆ ಬರುತ್ತದೆ? ಮೊದಲು ವೇಷ ಕಟ್ಟುವ ಚೌಕಿಯ ಕಡೆಯಿಂದ ಆರ್ಭಟ ಮಾತ್ರ. ನಿದ್ದೆಗೆ ಜಾರಿದ ಮಕ್ಕಳು ಎದ್ದು ಕೂರುತ್ತಾರೆ. ಚಂಡೆ ಏರುತ್ತದೆ. ಇಬ್ಬರು ತೆರೆ ಹಿಡಿದು ನಿಲ್ಲುತ್ತಾರೆ. ತೆರೆಯ ಮೇಲಿಂದ ಕಿರೀಟದ ತುದಿ ಕಾಣುತ್ತದೆ, ಮುಖ ಕಾಣುವುದಿಲ್ಲ. ರಾಕ್ಷಸ ತೆರೆಯನ್ನು ಹಿಡಿದು ಅಲುಗಿಸುತ್ತಾನೆ, ಬೆನ್ನು ತೋರಿಸುತ್ತಾನೆ, ಮತ್ತೆ ಮರೆಯಾಗುತ್ತಾನೆ. ಭಾಗವತರಿಗೂ ಅವಸರ ಇಲ್ಲ, ಅವನಿಗೂ ಇಲ್ಲ. ಕೊನೆಗೆ ತೆರೆ ಸರಿದಾಗ ಆ ಮುಖ ನಿಜಕ್ಕೂ ಎಷ್ಟು ಭಯಂಕರ ಅನ್ನುವುದು ಮುಖ್ಯವಾಗುವುದೇ ಇಲ್ಲ. ಅಷ್ಟರಲ್ಲಿ ನಮ್ಮ ತಲೆಯೇ ಒಂದು ರಾಕ್ಷಸನನ್ನು ಮಾಡಿಟ್ಟಿರುತ್ತದೆ.

2005ರ ‘ವಾರ್ ಆಫ್ ದಿ ವರ್ಲ್ಡ್ಸ್’ ಮಾಡಿದ್ದೂ ಇದನ್ನೇ. ಎಚ್.ಜಿ. ವೆಲ್ಸ್ 1898ರಲ್ಲಿ ಬರೆದ ಕಾದಂಬರಿಯನ್ನು ಸ್ಟೀವನ್ ಸ್ಪಿಲ್‌ಬರ್ಗ್ ಇಂದಿನ ಕಾಲಕ್ಕೆ ತಂದ ಸಿನಿಮಾ ಅದು. ಕಥಾನಾಯಕ ವಿಜ್ಞಾನಿಯಲ್ಲ, ಸೇನಾಧಿಕಾರಿಯಲ್ಲ. ಬಂದರಿನಲ್ಲಿ ಕ್ರೇನ್ ಓಡಿಸುವವನು. ಮೊದಲು ಸಿಡಿಲು. ಆಮೇಲೆ ಗಾಡಿಗಳೆಲ್ಲ ನಿಂತುಹೋಗುತ್ತವೆ. ಬೀದಿಯಲ್ಲಿ ಒಂದು ತೂತು, ಸುತ್ತ ಜನ. ಜನ ಯಾವತ್ತೂ ಮಾಡುವ ಹಾಗೆ ಹತ್ತಿರ ಹೋಗಿ ಬಗ್ಗಿ ನೋಡುತ್ತಾರೆ. ನೆಲ ಬಿರಿಯುತ್ತದೆ. ಬಿರುಕು ಮನೆಗಳ ಕಡೆ ಓಡುತ್ತದೆ, ಚರ್ಚಿನ ಮುಂಭಾಗ ಸೀಳುತ್ತದೆ. ಇಷ್ಟಾದರೂ ಯಂತ್ರ ಇನ್ನೂ ಕಂಡಿಲ್ಲ. ಕೊನೆಗೆ ಅದು ಎದ್ದು ನಿಂತು, ಎದೆ ನಡುಗಿಸುವ ಕಹಳೆಯಂಥ ಸದ್ದು ಹೊರಡಿಸುತ್ತದೆ. ಏಲಿಯನ್ ದಾಳಿಯ ಸಿನಿಮಾಗಳಲ್ಲಿ ಇದಕ್ಕಿಂತ ಚೆನ್ನಾಗಿ ತೆಗೆದ ಹತ್ತು ನಿಮಿಷ ನನಗೆ ಗೊತ್ತಿಲ್ಲ. ಆ ಸಿನಿಮಾದ ಕೊನೆಯ ಭಾಗ ಇಷ್ಟು ಗಟ್ಟಿ ಇಲ್ಲ, ಅದೂ ನಿಜ.

ಒಂದು ಸಂಗತಿ ಗಮನಿಸಿ. ಅಲ್ಲಿ ಕ್ಯಾಮೆರಾ ಆಕಾಶದಲ್ಲಿ ಹಾರಾಡುವುದಿಲ್ಲ. ಬಹುಪಾಲು ಜನರ ಎತ್ತರದಲ್ಲೇ ಇರುತ್ತದೆ. ಬಂದರಿನವನಿಗೆ ಕಾಣುವುದಷ್ಟೇ ನಮಗೂ ಕಾಣುತ್ತದೆ. ಈಗಿನ ಎಷ್ಟೋ ಸಿನಿಮಾಗಳಲ್ಲಿ ಕ್ಯಾಮೆರಾ ಕುಸಿಯುವ ಕಟ್ಟಡದ ನಡುವಿನಿಂದ ನುಸುಳಿ, ಕ್ಷಿಪಣಿಯ ಜೊತೆ ಓಡಿ, ಹಡಗಿನ ಹೊಟ್ಟೆಯೊಳಗೆ ಹೊಕ್ಕು ಆಚೆ ಬರುತ್ತದೆ. ನೋಡಲು ಮಜಾ. ಆದರೆ ಅಲ್ಲಿ ಯಾರೂ ನಿಲ್ಲಲು ಸಾಧ್ಯವಿಲ್ಲ ಅಂತ ನಮಗೆ ಒಳಗೊಳಗೇ ಗೊತ್ತು. ಅಂದಮೇಲೆ ಅಪಾಯ ಯಾರಿಗೆ?

ಇನ್ನು ದಣಿವು. ಮಿದುಳು ಒಂದೇ ಬಗೆಯ ಸದ್ದು, ಬೆಳಕು ಮತ್ತೆ ಮತ್ತೆ ಬಂದರೆ ಅದಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲ ಪಟಾಕಿಗೆ ಬೆಚ್ಚುತ್ತೇವೆ, ಸರದ ನೂರನೆಯ ಪಟಾಕಿಗೆ ಬೆಚ್ಚುವುದಿಲ್ಲ. ಕೊನೆಯ 40 ನಿಮಿಷ ಒಂದೇ ಸಮ ಸ್ಫೋಟ ಇಟ್ಟರೆ ಮೈಯೂ ಅದೇ ಮಾಡುತ್ತದೆ. ಅಷ್ಟು ಗದ್ದಲದ ನಡುವೆ ಥಿಯೇಟರಿನಲ್ಲಿ ಜನ ಫೋನ್ ತೆಗೆದು ನೋಡುವುದು ಸುಮ್ನೆ ಅಲ್ಲ.

ಊರೆಲ್ಲ ಉರುಳಿದರೂ ನಮಗೇನೂ ಅನ್ನಿಸದಿರಲು ಇನ್ನೊಂದು ಕಾರಣ ಇದೆ. ಅದನ್ನು ನಮ್ಮ ಜಿಲ್ಲೆಯವರು ಸಿನಿಮಾದಿಂದ ಕಲಿಯಬೇಕಾಗಿಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆ ಕುಸಿಯಿತು. ಟಿವಿಯಲ್ಲಿ ಬಂದಿದ್ದು ಮಸುಕು ಚಿತ್ರ, ಮಣ್ಣಿನ ರಾಶಿ, ಮಳೆ. ಗಂಗಾವಳಿ ನದಿಯಲ್ಲಿ ಒಂದು ಲಾರಿಗಾಗಿ ಎರಡು ತಿಂಗಳಿಗೂ ಹೆಚ್ಚು ಕಾಲ ಹುಡುಕಾಟ ನಡೆಯಿತು. ಕರ್ನಾಟಕ, ಕೇರಳ ಎರಡೂ ಉಸಿರು ಬಿಗಿಹಿಡಿದು ನೋಡಿದವು. ನಿಜವಾದ ಸಾವನ್ನು ಮನರಂಜನೆಯ ಪಕ್ಕ ಇಡುವುದು ನನಗೂ ಹಿಡಿಸುವುದಿಲ್ಲ. ಆದರೆ ಜನರ ಮನಸ್ಸು ಹಿಡಿದಿಟ್ಟುಕೊಂಡದ್ದು ಒಂದು ಲಾರಿಯನ್ನು, ಒಂದು ಚಹಾದಂಗಡಿಯನ್ನು, ಅಲ್ಲಿದ್ದವರ ಮುಖಗಳನ್ನು. ಕೋಟಿ ಜನ ಸತ್ತರು ಅಂತ ತೋರಿಸುವ ಸಿನಿಮಾ ಇದನ್ನು ಮರೆತರೆ, ಕೋಟಿ ಅನ್ನುವುದು ಬರೀ ಸೊನ್ನೆಗಳ ಸಾಲು.

2009ರ ‘ಡಿಸ್ಟ್ರಿಕ್ಟ್ 9’ ಇದನ್ನು ಚೆನ್ನಾಗಿ ಅರಿತಿತ್ತು. ಖರ್ಚು ಸುಮಾರು 3 ಕೋಟಿ ಡಾಲರ್, ಹಾಲಿವುಡ್ ಲೆಕ್ಕದಲ್ಲಿ ಚಿಲ್ಲರೆ. ಏಲಿಯನ್ ಹಡಗು ನಿಲ್ಲುವುದು ನ್ಯೂಯಾರ್ಕಿನ ಮೇಲಲ್ಲ, ಜೊಹಾನ್ಸ್‌ಬರ್ಗಿನ ಮೇಲೆ. ಬಿಸಿಲು, ಧೂಳು, ತಗಡಿನ ಶೆಡ್ಡುಗಳು. ಹಡಗು ಅಲ್ಲೇ ನಿಂತು ವರ್ಷಗಳೇ ಆಗಿವೆ, ಜನ ಅದರ ಕೆಳಗೇ ತಮ್ಮ ಕೆಲಸ ನೋಡಿಕೊಳ್ಳುತ್ತಾರೆ. ಊರಿನ ಸಿಟ್ಟು, ಸಣ್ಣತನ, ಸರ್ಕಾರಿ ಕಾಗದಪತ್ರ ಎಲ್ಲ ಅದರಲ್ಲಿದೆ. ಹಾಗಾಗಿ ಕೊನೆಯಲ್ಲಿ ಹೊಡೆದಾಟ ಬಂದಾಗ ಅದು ಯಾವುದೋ ಊರಲ್ಲಿ ನಡೆಯುವುದಿಲ್ಲ. ಆ ಸಿನಿಮಾ ಅತ್ಯುತ್ತಮ ಚಿತ್ರವೂ ಸೇರಿ ನಾಲ್ಕು ವಿಭಾಗಗಳಲ್ಲಿ ಆಸ್ಕರ್‌ಗೆ ನಾಮನಿರ್ದೇಶನ ಪಡೆಯಿತು.

ಇಷ್ಟೆಲ್ಲ ಗೊತ್ತಿದ್ದೂ ದೊಡ್ಡ ಸ್ಟುಡಿಯೋಗಳು ಹಡಗು, ಸ್ಫೋಟಗಳನ್ನೇ ಯಾಕೆ ಗುಡ್ಡೆ ಹಾಕುತ್ತವೆ? ಉತ್ತರ ಬಹುಪಾಲು ದುಡ್ಡಿನದ್ದು, ತಾರೀಕಿನದ್ದು. ಬಿಡುಗಡೆಯ ದಿನ ಮೊದಲೇ ನಿಗದಿಯಾಗಿರುತ್ತದೆ, ಕಥೆ ಮಾತ್ರ ಕೊನೆಯವರೆಗೂ ಬದಲಾಗುತ್ತಿರುತ್ತದೆ. ಗ್ರಾಫಿಕ್ಸ್ ಕಂಪನಿಗಳು ಸಾಮಾನ್ಯವಾಗಿ ಇಷ್ಟು ಶಾಟಿಗೆ ಇಷ್ಟು ಅಂತ ಮೊದಲೇ ದರ ಒಪ್ಪಿಕೊಂಡಿರುತ್ತವೆ. ಆಮೇಲೆ ಹತ್ತು ಸಲ ಬದಲಿಸಿ ಅಂದರೆ ನಷ್ಟ ಅವರಿಗೇ. 2013ರ ಫೆಬ್ರವರಿಯಲ್ಲಿ ‘ಲೈಫ್ ಆಫ್ ಪೈ’ಗೆ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂತು. ಅದರ ಮುಖ್ಯ ಕೆಲಸ ಮಾಡಿದ್ದ ರಿದಮ್ ಅಂಡ್ ಹ್ಯೂಸ್ ಕಂಪನಿ ಅದೇ ತಿಂಗಳು ದಿವಾಳಿ ಅರ್ಜಿ ಹಾಕಿತ್ತು. 2025ರ ಫೆಬ್ರವರಿಯಲ್ಲಿ ಗ್ರಾಫಿಕ್ಸ್ ಕಂಪನಿಗಳ ಟೆಕ್ನಿಕಲರ್ ಗುಂಪು ಕುಸಿದಾಗ ಬೆಂಗಳೂರಿನ ಅದರ ಸ್ಟುಡಿಯೋದಲ್ಲಿ ಕೆಲಸ ಮಾಡುತ್ತಿದ್ದವರೂ ಬೀದಿಗೆ ಬಿದ್ದರು. ಹಾಲಿವುಡ್ಡಿನ ಏಲಿಯನ್‌ಗಳಿಗೆ ಅಂಚು ಕತ್ತರಿಸುವ, ತಂತಿ ಅಳಿಸುವ, ಬೆಳಕು ಹೊಂದಿಸುವ ಕೆಲಸದಲ್ಲಿ ನಮ್ಮ ಹುಡುಗ ಹುಡುಗಿಯರ ಪಾಲು ದೊಡ್ಡದು. ಪರದೆಯ ಕೊನೆಯಲ್ಲಿ ಓಡುವ ಹೆಸರುಗಳನ್ನು ಒಮ್ಮೆ ನಿಂತು ನೋಡಿ, ಗೊತ್ತಾಗುತ್ತದೆ. ಹಾಗಾಗಿ ‘ಗ್ರಾಫಿಕ್ಸ್ ಚೆನ್ನಾಗಿಲ್ಲ’ ಅಂತ ಬೈಯುವಾಗ ಬೈಗುಳ ಯಾರಿಗೆ ಅಂತ ಸ್ವಲ್ಪ ಯೋಚಿಸಬೇಕು. ಬಹಳ ಸಲ ಅದು ಕಂಪ್ಯೂಟರ್ ಮುಂದೆ ಕೂತವರ ತಪ್ಪಲ್ಲ, ಅವರಿಗೆ ಸಮಯ ಕೊಡದವರದ್ದು.

ಇದಕ್ಕೆ ಎದುರು ಸಾಕ್ಷಿ 2023ರ ಜಪಾನಿನ ‘ಗಾಡ್ಜಿಲ್ಲಾ ಮೈನಸ್ ಒನ್’. ಏಲಿಯನ್ ಅಲ್ಲ, ಕಡಲ ದೈತ್ಯ. ನಮ್ಮ ವಿಷಯಕ್ಕೆ ಹತ್ತಿರದ್ದೇ. ನಿರ್ದೇಶಕ ತಕಾಶಿ ಯಮಝಾಕಿ ತಾವೇ ಗ್ರಾಫಿಕ್ಸ್ ಉಸ್ತುವಾರಿಯನ್ನೂ ನೋಡಿಕೊಂಡರು. ಸುಮಾರು 35 ಜನರ ತಂಡ, 610 ಶಾಟ್. ಮರದ ಪುಟ್ಟ ದೋಣಿಯನ್ನು ದೈತ್ಯ ಅಟ್ಟಿಸಿಕೊಂಡು ಬರುವ ದೃಶ್ಯಕ್ಕೆ ನಟರನ್ನು ನಿಜವಾದ ಸಮುದ್ರಕ್ಕೇ ಕರೆದುಕೊಂಡು ಹೋದರು. ದೋಣಿಯ ಓಲಾಟ ನಿಜ, ನಟರು ಆಯ ತಪ್ಪುವುದು ನಿಜ, ಹಿಂದಿನ ದೈತ್ಯ ಮಾತ್ರ ಸುಳ್ಳು. 2024ರ ಮಾರ್ಚ್‌ನಲ್ಲಿ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಇದಕ್ಕೇ ಹೋಯಿತು. ನಿರ್ದೇಶಕರೂ ಗ್ರಾಫಿಕ್ಸ್ ಉಸ್ತುವಾರಿಯೂ ಒಬ್ಬರೇ ಆಗಿದ್ದರಿಂದ ಏನು ಬೇಕು, ಏನು ಬೇಡ ಅಂತ ಅಲ್ಲಲ್ಲೇ ತೀರ್ಮಾನವಾಗುತ್ತಿತ್ತು. ಯಾವುದನ್ನು ತೋರಿಸಬಾರದು ಅನ್ನುವುದೂ ಸೇರಿ.

ಕೊನೆಗೆ ಶಬ್ದ. ಇದನ್ನು ನಾವು ತೀರಾ ಕಡೆಗಣಿಸುತ್ತೇವೆ. ಮಳೆಗಾಲದಲ್ಲಿ ಮಿಂಚು ಕಂಡ ಮೇಲೆ ಗುಡುಗಿಗೆ ಕಾಯುತ್ತೇವಲ್ಲ, ಆ ಕಾಯುವಿಕೆ ಸಿನಿಮಾದಲ್ಲಿ ಸಿಗುವುದು ಅಪರೂಪ. ಶಬ್ದ ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು. ಮೂರು ಕಿಲೋಮೀಟರ್ ಆಚೆ ಹಡಗು ಸ್ಫೋಟವಾದರೆ ಬೆಂಕಿ ಈಗ ಕಾಣಬೇಕು, ಸದ್ದು 9 ಸೆಕೆಂಡು ಬಿಟ್ಟು ಬರಬೇಕು. ಆ 9 ಸೆಕೆಂಡಿನ ಮೌನವನ್ನು ಇಡುವ ಧೈರ್ಯ ಇರುವವರು ಕಡಿಮೆ. ಬಹುತೇಕ ಸಿನಿಮಾಗಳಲ್ಲಿ ಬೆಂಕಿಯೂ ಸದ್ದೂ ಒಟ್ಟಿಗೇ ಬರುತ್ತವೆ, ಮೂರು ಕಿಲೋಮೀಟರ್ ಅನ್ನುವುದು ಅಲ್ಲೇ ಸತ್ತುಹೋಗುತ್ತದೆ.

ಆಮೇಲೆ ತಗ್ಗಿನ ಸದ್ದು. ಥಿಯೇಟರಿನಲ್ಲಿ ಅದಕ್ಕೆಂದೇ ಬೇರೆ ಸ್ಪೀಕರ್ ಇರುತ್ತದೆ. 120 ಹರ್ಟ್ಸ್‌ಗಿಂತ, ಅಂದರೆ ಸೆಕೆಂಡಿಗೆ 120 ಕಂಪನಕ್ಕಿಂತ, ಕೆಳಗಿನ ಗುಡುಗನ್ನು ಅದು ನೋಡಿಕೊಳ್ಳುತ್ತದೆ. ಆ ಸದ್ದನ್ನು ಕಿವಿಗಿಂತ ಜಾಸ್ತಿ ಎದೆ ಕೇಳುತ್ತದೆ. ದೊಡ್ಡ ಯಂತ್ರದ ಭಾರದ ಅರ್ಧ ಪಾಲು ಅದರಲ್ಲೇ ಇದೆ. ಫೋನಿನ ಸ್ಪೀಕರಿಗೆ ಆ ಸದ್ದು ಹೊರಡಿಸಲು ಸಾಧ್ಯವೇ ಇಲ್ಲ, ಅದರ ಗಾತ್ರವೇ ಸಾಲದು. ಹಾಗಾಗಿ ಬಸ್ಸಿನಲ್ಲಿ ಕೂತು ಫೋನಿನಲ್ಲಿ ಇಂಥ ಸಿನಿಮಾ ನೋಡಿ ‘ಏನೂ ಅನ್ನಿಸಲಿಲ್ಲ’ ಅಂದರೆ ಪೂರ್ತಿ ತಪ್ಪು ಸಿನಿಮಾದ್ದಲ್ಲ. ಕಾರವಾರದವರು ಮಡಗಾಂವಿಗೆ, ಶಿರಸಿಯವರು ಹುಬ್ಬಳ್ಳಿಗೆ ಹೋಗಿ ದೊಡ್ಡ ಪರದೆಯಲ್ಲಿ ನೋಡುವುದು ಬರೀ ಶೋಕಿಗಲ್ಲ.

ಹೋಗಲು ಆಗದಿದ್ದರೆ ಮನೆಯಲ್ಲೂ ಸ್ವಲ್ಪ ದಾರಿ ಇದೆ. ರಾತ್ರಿ, ಲೈಟ್ ಆರಿಸಿ, ಟಿವಿಗೆ ಹತ್ತಿರ ಕೂತು, ಕಿವಿ ಮುಚ್ಚುವಂಥ ಹೆಡ್‌ಫೋನ್ ಹಾಕಿ ನೋಡಿ. ಮೊದಲ ಮುಕ್ಕಾಲು ಗಂಟೆಯನ್ನು ನಡುವೆ ನಿಲ್ಲಿಸದೆ ನೋಡಿ. ಏಲಿಯನ್‌ಗಳು ಇನ್ನೂ ಸರಿಯಾಗಿ ಕಾಣದ ಆ ಹೊತ್ತು ಈ ಬಗೆಯ ಸುಮಾರು ಸಿನಿಮಾಗಳಲ್ಲೂ ಚೆನ್ನಾಗಿರುತ್ತದೆ. ‘ಮದರ್‌ಶಿಪ್ ಒಂದನ್ನು ಒಡೆದರೆ ಸಾಕು, ಉಳಿದವೆಲ್ಲ ತಾವೇ ಬೀಳುತ್ತವೆ’ ಅಂತ ಯಾರೋ ಒಬ್ಬ ವಿಜ್ಞಾನಿ ನಕ್ಷೆ ಬಿಡಿಸಿ ಹೇಳುವ ದೃಶ್ಯ ಬಂತಾ? ಎದ್ದು ಚಹಾಕ್ಕೆ ನೀರಿಡಬಹುದು. ವಾಪಸ್ ಬರುವಾಗಲೂ ಒಡೆಯುತ್ತಲೇ ಇರುತ್ತಾರೆ.